ಎಡಗಡೆಯದು ಸತ್ತಿದೆ

"ಇದೂ ಅಷ್ಟೇ. ಎಡಗಡೆಯದು ಸತ್ತಿದೆ," ಎಂದು ರೇಡಿಯೋ ಮೂರನೆಯ ಜೋಡಿ ಇಯರ್‌ಬಡ್‌ಗಳನ್ನೂ ಬಿಚ್ಚಿ ಗಾಜಿನ ಕೌಂಟರಿನ ಮೇಲಿಟ್ಟ.

ಅಂಗಡಿಯವನು ಮೂರನ್ನೂ ಸಾಲಾಗಿ ಜೋಡಿಸಿದ. ಒಂದಕ್ಕೆ ಕಡ್ಡಿಯಂಥ ಬಾಲ. ಹೆಲ್ಮೆಟ್ ಎಳೆದುಕೊಳ್ಳುವಾಗ ತಗುಲಿ ಕಿವಿಯಿಂದ ಹಾರಿಬೀಳುವಂಥದ್ದು. ಇನ್ನೊಂದಕ್ಕೆ ಬಾಲವಿಲ್ಲ, ಆದರೆ ಮುಟ್ಟಿದರೆ ಸಾಕು ಹಾಡು ಬದಲಾಗುತ್ತದೆ. ಹೆಲ್ಮೆಟ್ಟಿನ ಸ್ಪಂಜು ಒತ್ತಿದಾಗಲೆಲ್ಲ ಅದು ತನ್ನಿಷ್ಟದ ಹಾಡಿಗೆ ಹೊರಟುಬಿಡುತ್ತದೆ. ಮೂರನೆಯದು ಚಪ್ಪಟೆ, ರಬ್ಬರ್ ತುದಿಯದು, ಒಮ್ಮೆ ಕೂತರೆ ಅಲುಗದು. ಬೈಕಿನವರಿಗೆ ಇದೇ ಸರಿ ಎಂದು ಅವನು ಮೊದಲೇ ಹೇಳಿದ್ದ. ರೇಡಿಯೋನ ಹೆಂಡತಿ ಸ್ಟೂಲಿನ ಮೇಲೆ ಕೂತು, ತರಕಾರಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಈ ವ್ಯಾಪಾರ ಮುಗಿಯುವ ಲಕ್ಷಣವೇ ಕಾಣದೆ ಬೇಸತ್ತಿದ್ದಳು.

"ರೀ, ನನ್ನ ಮದುವೆ ಆಗೋವಾಗ ಕೂಡ ಇಷ್ಟು ಯೋಚನೆ ಮಾಡಿರಲಿಲ್ಲ ನೀವು."

"ಆಗ ಮಾಡದೆ ಇದ್ದಿದ್ದಕ್ಕೇ ಈಗ ಮಾಡ್ತಿರೋದು."

ರೇಡಿಯೋ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹದಿನಾರು ವರ್ಷ ಬೈಕಿನ ಮೇಲೆ ಹಾಡು ಕೇಳುತ್ತ, ಕೇಳಿದ್ದನ್ನು ಸಿಗ್ನಲ್ಲಿನಲ್ಲಿ ನಿಂತು ಗಟ್ಟಿಯಾಗಿ ಹೇಳುತ್ತ ಅವನೇ ಸಂಪಾದಿಸಿದ್ದು. ಊರಿನ ದೊಡ್ಡ ಲ್ಯಾಬೊಂದಕ್ಕೆ ಅವನು ಸ್ಯಾಂಪಲ್ ಹೊರುವವನು. ಚಿಕ್ಕ ಕ್ಲಿನಿಕ್ಕುಗಳಲ್ಲಿ ತೆಗೆದ ರಕ್ತದ ಸೀಸೆಗಳನ್ನು ಐಸಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು, ರಕ್ತ ಕೆಡುವ ಮೊದಲು ಲ್ಯಾಬಿಗೆ ಮುಟ್ಟಿಸಬೇಕು. ಅವನ ಹಾಗೆ ಒಟ್ಟು ಹನ್ನೊಂದು ಜನ. ಹಾಡು ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ರೇಡಿಯೋ ಹೇಳುತ್ತಿದ್ದದ್ದು ಒಂದೇ: "ಬೆನ್ನ ಮೇಲೆ ದಿನಾ ನಲವತ್ತು ಜನರ ಭಯ ಹೊತ್ಕೊಂಡು ಹೋಗ್ತೀನಿ. ಸುಮ್ಮನೆ ಹೋದ್ರೆ ಭಾರ ಆಗತ್ತೆ."

ಅಂಗಡಿಯವನು ಮೂರನೆಯ ಜೋಡಿಯ ಎಡಗಡೆಯದನ್ನು ಎತ್ತಿ ತನ್ನ ಕಿವಿಗಿಟ್ಟುಕೊಂಡ. ತಲೆಯಾಡಿಸಿದ. ಆಮೇಲೆ ಕೌಂಟರಿನ ಮೇಲೆ ಬಗ್ಗಿ, ಕೇಳದೆಯೇ, ಅದನ್ನು ರೇಡಿಯೋನ ಬಲಗಿವಿಗೆ ಒತ್ತಿ ಹಿಡಿದ. ಎಡದ್ದು ಬಲಗಿವಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಅದಲು ಬದಲು ಮಾಡಿ ನೋಡುವ ಯೋಚನೆ ಯಾರಿಗೂ ಬಂದಿರುವುದಿಲ್ಲ.

ಹಾಡು ಬಂತು. ತಬಲಾದ ಪೆಟ್ಟೊಂದೂ ಬಿಡದೆ, ಹಾಡುವವಳು ಉಸಿರೆಳೆದುಕೊಳ್ಳುವುದೂ ಕೇಳುವಷ್ಟು ನಿಚ್ಚಳವಾಗಿ ಬಂತು.

"ಗುಗ್ಗೆ ಇರಬೇಕು," ಎಂದ ರೇಡಿಯೋ.

"ಇರಬಹುದು," ಎಂದ ಅಂಗಡಿಯವನು. "ನಿಮ್ಮ ಲ್ಯಾಬಿನವರು ಈ ವರ್ಷ ಐದು ಜನ ಬಂದು ಎಡಗಡೆಯದು ಸತ್ತಿದೆ ಅಂತ ವಾಪಸ್ ಕೊಟ್ರು. ಮೊದಮೊದಲು ನನಗೂ ಸಿಟ್ಟು ಬಂತು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ, ಹಂಗೆ ಮಾಡ್ತಾರೆ ಅಂದ್ಕೊಂಡೆ. ಐದು ಜನಕ್ಕೂ ಎಡಗಿವಿಲೇ ಗುಗ್ಗೆ ಬರತ್ತಾ ಅಣ್ಣ?"

ಹೆಂಡತಿ ಸ್ಟೂಲಿನಿಂದ ಎದ್ದು ಬಂದಿದ್ದಳು. ರೇಡಿಯೋ ಪರ್ಸ್ ತೆಗೆದು, "ಆ ಚಪ್ಪಟೇದನ್ನ ಕಟ್ಟಿಕೊಡಿ," ಎಂದ. ಅಂಗಡಿಯವನು ಮೂರನ್ನೂ ಅವುಗಳ ಡಬ್ಬಿಗೆ ಹಾಕಿ ಮುಚ್ಚಿ, ಒಳಗಿನ ಕಪಾಟಿಗಿಟ್ಟ.

"ಇವತ್ತು ಬೇಡ ಬಿಡಿ. ಮೊದಲು ಕಿವಿ ತೋರಿಸ್ಕೊಳ್ಳಿ. ಇದು ಎಲ್ಲಿಗೂ ಓಡಿಹೋಗಲ್ಲ."

ಮಾರುವವನೇ ಮಾರಲೊಲ್ಲೆ ಎಂದಾಗ ಮನುಷ್ಯನಿಗೆ ತನ್ನ ಪರಿಸ್ಥಿತಿ ಅರ್ಥವಾಗುತ್ತದೆ.

ಇಬ್ಬರೂ ಮನೆ ಮುಟ್ಟಿದರು. ಬೀಗ ತೆಗೆದು, ದೀಪ ಹಾಕಿ, ಅವಳು ತರಕಾರಿಯನ್ನು ಮೊರಕ್ಕೆ ಸುರಿದಳು. ಅವನು ಎಂದಿನ ಕುರ್ಚಿಯಲ್ಲಿ ಕೂತ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ಅವಳು ಅವನ ಎಡಭುಜದ ಹಿಂದೆ, ಒಂದು ಮೊಳ ದೂರದಲ್ಲಿ, ಬೆಂಕಿಪೊಟ್ಟಣ ಹಿಡಿದು ನಿಂತಿದ್ದಳು.

"ಏನು?"

"ಆಗಿನಿಂದ ಅಲ್ಲಾಡಿಸ್ತಿದೀನಿ."

ಅವನ ಕೈ ತಾನಾಗಿ ಎಡಗಿವಿಗೆ ಹೋಯಿತು.

"ಊಟಕ್ಕೆ ನಾನು ಕೂರೋದು ಈ ಕಡೆ," ಎಂದಳು ಅವಳು, ತನಗೇ ಹೇಳಿಕೊಳ್ಳುವಂತೆ. "ಮಲಗೋದೂ ಈ ಕಡೆ. ನನ್ನ ಮಾತು ಕಿವಿಗೆ ಹಾಕ್ಕೊಳ್ಳಲ್ಲ ಅಂತ ಎರಡು ವರ್ಷದಿಂದ ಜಗಳ ಆಡಿದ್ನಲ್ಲ, ಅದೆಲ್ಲ ಗೋಡೆ ಜೊತೆ ಆಡಿದ್ದು ಹಾಗಾದ್ರೆ. ಒಂದು ಕಿವಿಲಿ ಕೇಳಿ ಇನ್ನೊಂದ್ರಲ್ಲಿ ಬಿಡ್ತೀರಿ ಅಂತ ಬೈತಿದ್ದೆ. ಬಿಡೋಕೆ ಇನ್ನೊಂದು ಇದ್ರೆ ತಾನೆ." ನಗಲು ಹೋದವಳ ಬಾಯಿ ಅರ್ಧಕ್ಕೇ ಸೊಟ್ಟಗಾಯಿತು. "ಗುರುವಾರ ಕಿವಿ ಪರೀಕ್ಷೆ ಅಂದಿದ್ರಲ್ಲ ನಿಮ್ಮ ಆಫೀಸಿನವರು. ಏನ್ ಮಾಡ್ತೀರಿ?"

ಅದೇ ಪ್ರಶ್ನೆ ಅವನಲ್ಲೂ ಇತ್ತು. ಲ್ಯಾಬು ಈ ವರ್ಷ ಹೊಸ ನಿಯಮ ಮಾಡಿತ್ತು. ರಸ್ತೆಗಿಳಿಯುವವರಿಗೆಲ್ಲ ವರ್ಷಕ್ಕೊಮ್ಮೆ ಕಣ್ಣು, ಕಿವಿ ಪರೀಕ್ಷೆ. ಕಣ್ಣಿನದು ಆಗಲೇ ನಡೆದು, ಆಗಿದ್ದ ಹದಿಮೂರು ಜನರಲ್ಲಿ ಇಬ್ಬರು ನಪಾಸಾಗಿದ್ದರು. ಅವರನ್ನು ಬೇರೆ ಕೆಲಸಕ್ಕೆ ಹಾಕುತ್ತೇವೆ ಎಂದಿದ್ದರು. ಆ ಬೇರೆ ಕೆಲಸ ಯಾವುದೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ, ಆ ಇಬ್ಬರಿಗೂ.

ಆದರೆ ಅವನನ್ನು ಕಾಡಿದ್ದು ಅದಲ್ಲ. ಹೋದ ತಿಂಗಳು, ಎಡಗಡೆಯ ಓಣಿಯಿಂದ ರದ್ದಿ ಆಯುವ ಹೆಂಗಸೊಬ್ಬಳು ತಳ್ಳುಗಾಡಿ ಸಮೇತ ರಸ್ತೆಗೆ ಬಂದಿದ್ದಳು. ಬೈಕಿನ ಹ್ಯಾಂಡಲ್ ಅವಳ ಮಣಿಕಟ್ಟಿಗೆ ಬಡಿದು ಅವಳು ಕೂತಲ್ಲೇ ಕುಸಿದಿದ್ದಳು. ಇವನು ಹೆಲ್ಮೆಟ್ಟಿನ ಗಾಜು ಎತ್ತಿ, "ಬಾಯಿ ಇರಲಿಲ್ವಾ ನಿಂಗೆ?" ಎಂದು ಗದರಿದ್ದ. "ಕೂಗಿದೆ ಅಪ್ಪಾ, ಮೂರು ಸಲ ಕೂಗಿದೆ," ಎಂದಿದ್ದಳು. "ಸುಳ್ಳು ಹೇಳ್ತೀಯಾ?" ಎಂದು ಇನ್ನೊಂದು ಬಾರಿ ಬೈದು, ರಕ್ತ ಕೆಡುತ್ತದೆಂದು ಹೊರಟುಹೋಗಿದ್ದ. ಅವಳ ಕೈ ಏನಾಯಿತೋ. ಈಗ ಅವಳನ್ನು ಹುಡುಕಿ ಏನು ಹೇಳುವುದು?

ಮಾರನೆಯ ಬೆಳಿಗ್ಗೆ ಅವನು ಲ್ಯಾಬಿನ ಹಿಂದಿನ ಕೋಣೆಗೆ ಎಲ್ಲರಿಗಿಂತ ಮೊದಲೇ ಹೋದ. ಸವಾರರು ಟೀ ಕುಡಿದು ಬೆನ್ನು ಚಾಚುವ ಕೋಣೆ. ಬಿಸ್ಕತ್ತಿನ ಖಾಲಿ ಡಬ್ಬವೊಂದು ಕಿಟಕಿಯ ಮೇಲಿತ್ತು. ಸತ್ತ ಇಯರ್‌ಬಡ್‌ಗಳನ್ನೆಲ್ಲ, ಎಂದಾದರೂ ರಿಪೇರಿ ಮಾಡಿಸೋಣವೆಂದು, ಅದಕ್ಕೆ ಹಾಕುತ್ತಿದ್ದರು. ಎಡಗಡೆಯದು ಬೇಗ ಸಾಯುತ್ತದೆ ಎನ್ನುವುದು ಆ ಕೋಣೆಯ ಹಳೆಯ ನಂಬಿಕೆ. ಈಗಿನ ಮಾಲೇ ಹಾಗೆ ಎಂದು ಹನ್ನೊಂದು ಜನವೂ ಒಂದೇ ಬಾಯಲ್ಲಿ ಬೈಯುತ್ತಿದ್ದರು.

ಎಡವೇ ಯಾಕೆಂದರೆ, ಅದು ಕಂಪನಿಯ ಕಿವಿ. ಎರಡೂ ಕಿವಿ ಮುಚ್ಚಿಕೊಂಡು ಬೈಕ್ ಓಡಿಸುವಂತಿಲ್ಲ ಎಂದು ನಿಯಮ. ಹಿಂದಿನಿಂದ ಬರುವ ಗಾಡಿಗಳು ಬಲಕ್ಕೆ ಮುನ್ನುಗ್ಗುವುದರಿಂದ ಬಲಗಿವಿಯನ್ನು ರಸ್ತೆಗೆ ಬಿಟ್ಟು, ಎಡಗಿವಿಯನ್ನು ಫೋನಿಗೆ ಕೊಡುವುದು ಅವರ ರೂಢಿ. ಎಡದ್ದು ಸತ್ತರೆ, ಹೊಸದು ಕೊಳ್ಳುವವರೆಗೆ ಬಲದ್ದರಲ್ಲಿ ಹೇಗೋ ಸುಧಾರಿಸುತ್ತಿದ್ದರು. ಮುಂದಿನ ಕ್ಲಿನಿಕ್ಕು ಯಾವುದೆಂದು ಫೋನು ಕಿವಿಯಲ್ಲಿ ಹೇಳುತ್ತದೆ. ಹತ್ತು ಸೆಕೆಂಡಿನೊಳಗೆ 'ಸರಿ' ಎನ್ನಬೇಕು. ಅನ್ನದಿದ್ದರೆ ಆ ಪಾಳಿಗೆ ಕೆಂಪು ಗುರುತು. ಕಂಪನಿ ಕೊಟ್ಟ ಹೆಲ್ಮೆಟ್ಟುಗಳೋ, ಒಳಗಿನ ಸ್ಪಂಜು ಆರು ತಿಂಗಳಲ್ಲಿ ಚಕ್ಕಳವಾಗಿ, ಸಂದಿಯಲ್ಲಿ ಗಾಳಿ ನುಗ್ಗಿ, ಹೆದ್ದಾರಿಯಲ್ಲಿ ಗಿರಣಿಯೊಳಗೆ ತಲೆಯಿಟ್ಟಂತೆ ಊಳಿಡುತ್ತಿದ್ದವು. ಆ ಊಳಿನ ಮೇಲೆ ಕಂಪನಿಯ ಮಾತು ಕೇಳಿಸಬೇಕಾದರೆ ಸದ್ದನ್ನು ಪೂರ್ತಿ ಏರಿಸಬೇಕು. ಏರಿಸಿದ ಸದ್ದಿನಲ್ಲೇ, ನಡುವಿನ ಹೊತ್ತಿನಲ್ಲಿ, ಹಾಡೂ ಬರುತ್ತಿತ್ತು.

ಡಬ್ಬದಲ್ಲಿ ಚಾರ್ಜರ್ ಪೆಟ್ಟಿಗೆ ಸಮೇತ ಎಸೆದವು ಏಳಿದ್ದವು. ಟೀ ಬರುವಷ್ಟರಲ್ಲಿ ರೇಡಿಯೋ ಏಳನ್ನೂ ಚಾರ್ಜಿಗೆ ಹಾಕಿದ್ದ. ಎಲ್ಲರೂ ಸೇರಿದ ಮೇಲೆ ಒಂದೊಂದನ್ನೇ ಫೋನಿಗೆ ಜೋಡಿಸಿ, ಎಡಗಡೆಯದನ್ನು ಅವರವರ ಬಲಗಿವಿಗೆ ಒತ್ತಿ ಹಿಡಿದ, ಅಂಗಡಿಯವನು ಮಾಡಿದಂತೆಯೇ.

ಏಳೂ ಹಾಡಿದವು.

ಯಾರೋ ನಕ್ಕರು. ನಗು ಒಬ್ಬರಿಂದೊಬ್ಬರಿಗೆ ದಾಟಿ, ಕೊನೆಯವನನ್ನು ಮುಟ್ಟುವ ಮೊದಲೇ ನಿಂತುಹೋಯಿತು. ಟೀ ಲೋಟ ಹಿಡಿದು ನಿಂತಿದ್ದ ದೊಡ್ಡಣ್ಣ, ಹನ್ನೊಂದು ಜನರಲ್ಲಿ ಹಿರಿಯ, ರೇಡಿಯೋಗೆ ಈ ಊರಿನ ಗಲ್ಲಿಗಲ್ಲಿಯನ್ನೂ ತೋರಿಸಿಕೊಟ್ಟವನು, ಲೋಟವನ್ನು ಕಿಟಕಿಯ ಮೇಲಿಟ್ಟು ಬಾಗಿಲು ಹಾಕಿದ.

"ಇದು ಹೊರಗೆ ಹೋಗಬಾರದು," ಎಂದ. "ಗುರುವಾರದ ಪರೀಕ್ಷೆ ಹೆಂಗಿರತ್ತೆ ಅಂತ ನಾನು ಆ ಪರೀಕ್ಷೆ ಮಾಡೋ ಕ್ಲಿನಿಕ್ಕಿಗೇ ಹೋಗಿ ನೋಡ್ಕೊಂಡು ಬಂದಿದೀನಿ. ಗಾಜಿನ ಗೂಡಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕ್ತಾರೆ. ಕುಂಯ್ ಅಂತ ಸದ್ದು ಬಂದ್ರೆ ಕೈಲಿರೋ ಗುಂಡಿ ಒತ್ತಬೇಕು. ಪರೀಕ್ಷೆ ಮಾಡೋ ಹುಡುಗಿ ಸದ್ದು ಬಿಟ್ಟಾಗಲೆಲ್ಲ ಮಿಷನ್ ಮೇಲೆ ಒಂದು ಸಣ್ಣ ಹಸಿರು ದೀಪ ಹತ್ತತ್ತೆ. ಗೂಡಲ್ಲಿ ಕೂತವನಿಗೆ ದೀಪ ಕಾಣಲ್ಲ. ಆದ್ರೆ ಹೊರಗಿನ ಬೆಂಚಲ್ಲಿ ಕೂತವನಿಗೆ ಕಾಣತ್ತೆ. ಬೆಂಚಲ್ಲಿ ಕೂತವನು ಗೂಡಲ್ಲಿರೋನಿಗೆ ಕಾಣ್ತಾನೆ. ದೀಪ ಹತ್ತಿದಾಗ ಮಂಡಿ ಕೆರ್ಕೊಳ್ಳೋದು. ಅಷ್ಟೇ."

"ಹನ್ನೊಂದು ಜನಕ್ಕೂ ಮಂಡಿ ಕಡಿತ ಅಂದ್ರೆ ಚರ್ಮದ ಡಾಕ್ಟ್ರ ಹತ್ರ ಕಳಿಸ್ತಾರೆ ಅಷ್ಟೇ," ಎಂದ ಒಬ್ಬ.

ಈ ಬಾರಿ ಎಲ್ಲರೂ ನಕ್ಕರು. ರೇಡಿಯೋ ನಗಲಿಲ್ಲ.

"ದೊಡ್ಡಣ್ಣ, ಎಲ್ಲರೂ ಪಾಸಾದ್ರೆ ಏನಾಗತ್ತೆ ಗೊತ್ತಾ? ಈ ಹೆಲ್ಮೆಟ್ ಚೆನ್ನಾಗಿದೆ, ನಮ್ಮ ಕಿವಿ ಚೆನ್ನಾಗಿದೆ ಅಂತ ನಾವೇ ಬರ್ಕೊಟ್ಟ ಹಾಗಾಗತ್ತೆ. ಎಲ್ಲರೂ ನಪಾಸಾಗೋಣ. ಹನ್ನೊಂದು ಜನರಿಗೂ ಒಂದೇ ಕಿವಿ ಹೋಗಿದೆ ಅಂದ್ರೆ ಅವರು ಏನಂತ ಹೇಳ್ತಾರೆ? ಹನ್ನೊಂದೂ ಜನರನ್ನ ಒಂದೇ ದಿನ ಮನೆಗೆ ಕಳಿಸಿದ್ರೆ ರಕ್ತ ಯಾರು ತರ್ತಾರೆ?"

"ಗೇಟಿನ ಹತ್ರ ದಿನಾ ಅರ್ಜಿ ಹಿಡ್ಕೊಂಡು ನಿಂತಿರ್ತಾರಲ್ಲ, ಅವರು ತರ್ತಾರೆ," ಎಂದ ದೊಡ್ಡಣ್ಣ. "ಎರಡು ಕಿವಿ ಇರೋರು."

ರೇಡಿಯೋ ರದ್ದಿಯ ಹೆಂಗಸಿನ ವಿಷಯ ಹೇಳಿದ. ಒಬ್ಬಿಬ್ಬರು ನೆಲ ನೋಡಿದರು. ಅವರಿಗೂ ಅಂಥದ್ದೊಂದು ನೆನಪಾಗಿರಬೇಕು. ದೊಡ್ಡಣ್ಣ ಹತ್ತಿರ ಬಂದು, ಯೋಚಿಸಿ, ಅವನ ಬಲಗಡೆಗೆ ಸರಿದು ಹೇಳಿದ: "ನಿನ್ನ ಮಾತು ನ್ಯಾಯದ್ದೇ ಕಣೋ. ಆದ್ರೆ ನಂಗೆ ಐವತ್ತೆರಡು. ಮಗಳ ಡಯಾಲಿಸಿಸ್ ಈ ಲ್ಯಾಬಿನವರು ಕೊಟ್ಟ ಆಸ್ಪತ್ರೆ ಕಾರ್ಡಿನ ಮೇಲೆ ನಡೀತಿದೆ. ಕೆಲಸ ಹೋದ ದಿನ ಕಾರ್ಡು ಹೋಗತ್ತೆ. ನ್ಯಾಯ ಇಟ್ಕೊಂಡು ಆ ಮಿಷನ್ ಓಡಿಸೋಕೆ ಆಗತ್ತಾ?"

ಮೇಲಿನವರು ಅನ್ಯಾಯವನ್ನು ಹಂಚುವಾಗ ಲೆಕ್ಕ ತಪ್ಪುವುದಿಲ್ಲ. ಕೆಳಗಿನವನು ನ್ಯಾಯ ಬಡಿಸಲು ಹೊರಟರೆ ಮೊದಲು ಪಕ್ಕದವನ ತಟ್ಟೆಯಿಂದಲೇ ಕಿತ್ತು ಬಡಿಸಬೇಕಾಗುತ್ತದೆ.

ಗುರುವಾರ ಬಂತು. ಪರೀಕ್ಷೆಗೆ ಹೊರಗಿನ ಕ್ಲಿನಿಕ್ಕೊಂದರಿಂದ ಹುಡುಗಿಯೊಬ್ಬಳು ಮಿಷನ್ನು ಹೊತ್ತು ಬಂದು ಸ್ಟೋರ್ ರೂಮಿನ ಪಕ್ಕ ಗಾಜಿನ ಗೂಡು ನಿಲ್ಲಿಸಿದ್ದಳು. ಬೆಳಗಿನಿಂದ ಒಂಬತ್ತು ಜನ ಹೋದರು, ಒಂಬತ್ತೂ ಜನ ಪಾಸು. ಒಬ್ಬೊಬ್ಬನೂ ಮುಗಿಸಿ ಪೆಟ್ಟಿಗೆ ಹೊತ್ತು ರಸ್ತೆಗೆ ಹೋದ. ಮುಂದಿನವನು ಬೆಂಚಿಗೆ ಸರಿದ. ರೇಡಿಯೋ ಹತ್ತನೆಯವನು. ದೊಡ್ಡಣ್ಣ ಕೊನೆ. ಕೊನೆಯವನಿಗೆ ಸನ್ನೆ ಮಾಡಲು ಮೊದಲನೆಯವನು ವಾಪಸ್ ಬರಬೇಕೆಂದು ಮಾತಾಗಿತ್ತು.

ಗೂಡಿನೊಳಗೆ ಸದ್ದೇ ಇರಲಿಲ್ಲ. ಹದಿನಾರು ವರ್ಷದಲ್ಲಿ ಅಷ್ಟು ನಿಶ್ಶಬ್ದದಲ್ಲಿ ಅವನು ಕೂತಿರಲಿಲ್ಲ. ಬಲಗಿವಿಗೆ ಕುಂಯ್ ಎಂದಿತು, ಒತ್ತಿದ. ಒಂದೆರಡು ತಪ್ಪಿದವು, ಉಳಿದವು ಸಿಕ್ಕವು. ಆಮೇಲೆ ಹುಡುಗಿ ಎಡಗಿವಿ ಎಂದು ಬೆರಳು ತೋರಿಸಿದಳು. ಗಾಜಿನಾಚೆ ದೊಡ್ಡಣ್ಣ ಮಂಡಿ ಕೆರೆದುಕೊಂಡ. ರೇಡಿಯೋ ಒತ್ತಿದ. ಮತ್ತೆ ಕೆರೆದುಕೊಂಡ. ಒತ್ತಿದ. ಮೂರನೆಯ ಬಾರಿಗೆ ಅವನ ಕಣ್ಣು ದೊಡ್ಡಣ್ಣನ ಮೇಲಿದ್ದರೂ ಕಂಡದ್ದು ಬೇರೆ: ರಸ್ತೆಯ ಮೇಲೆ ಕುಸಿದು ಕೂತವಳ ತೆರೆದ ಬಾಯಿ. ಮೂರು ಸಲ ಕೂಗಿದೆ ಅಪ್ಪಾ.

ಅವನು ಗುಂಡಿಯನ್ನು ತೊಡೆಯ ಮೇಲಿಟ್ಟು ಕೈ ಕಟ್ಟಿಕೊಂಡ.

ದೊಡ್ಡಣ್ಣ ಕೆರೆದ, ಕೆರೆದ, ಎರಡೂ ಮಂಡಿ ಕೆರೆದ. ಕೊನೆಗೆ ಕೈಬಿಟ್ಟು ಮುಖ ತಿರುಗಿಸಿದ.

ಹುಡುಗಿ ಹೆಡ್‌ಫೋನ್ ತೆಗೆದು, "ಈ ಕಿವಿ ಬಹಳ ಹೋಗಿದೆ ಅಂಕಲ್. ವಾಪಸ್ ಬರೋ ಥರದ್ದಲ್ಲ," ಎಂದಳು, ಮೆಲ್ಲಗೆ, ಕಾಗದ ನೋಡುತ್ತ.

ಬಾಗಿಲಲ್ಲೇ ಮೇಲ್ವಿಚಾರಕ ನಿಂತಿದ್ದ. ನಿಮಿಷ ನಿಮಿಷ ಎಣಿಸುವುದರಿಂದ ಹುಡುಗರು ಅವನನ್ನು ಗಡಿಯಾರ ಎನ್ನುತ್ತಿದ್ದರು. ಕೈಯಲ್ಲಿ ಫಾರಂ ಇತ್ತು.

"ಏನ್ ರೇಡಿಯೋ, ಕೊನೆಗೂ ಸ್ಟೇಷನ್ ಬಂದ್ ಆಯ್ತಾ? ಹೇಳಿದ್ದೆ ತಾನೆ, ಹಾಡು ಕಡಿಮೆ ಮಾಡು ಅಂತ."

"ಹಾಡಲ್ಲ ಸಾರ್. ಹೆಲ್ಮೆಟ್ಟಿನ ಗಾಳಿ. ಆ ಗಾಳಿ ಮೇಲೆ ನಿಮ್ಮ ಫೋನಿನ ಸದ್ದು. ಎರಡು ಸಲ ಬರ್ದು ಕೊಟ್ಟಿದ್ದೆ, ಹೆಲ್ಮೆಟ್ ಬದಲಾಯಿಸಿ ಅಂತ."

"ಒಂಬತ್ತು ಜನರ ರಿಪೋರ್ಟ್ ಇಲ್ಲಿದೆ." ಮೇಲ್ವಿಚಾರಕ ಕಾಗದಗಳನ್ನು ಬೀಸಣಿಗೆಯಂತೆ ಹರಡಿ ಹಿಡಿದ. ಅವನ ದನಿಯಲ್ಲಿ ಕೋಪವೇ ಇರಲಿಲ್ಲ. "ಅದೇ ಹೆಲ್ಮೆಟ್, ಅದೇ ರಸ್ತೆ, ಅದೇ ಫೋನ್. ಒಂಬತ್ತೂ ಜನರ ಕಿವಿ ಸರಿಯಿದೆ. ಗಾಳಿ ನಿನ್ನೊಬ್ಬನ ಕಿವಿಗೇ ಹೊಡೀತಾ? ಈ ಊರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ, ನಿನ್ನ ಹೆಸರೇ ರೇಡಿಯೋ."

ರೇಡಿಯೋ ಬಾಯಿ ತೆರೆದ. ಒಂದು ವಾಕ್ಯ ಸಾಕಿತ್ತು. ಬಿಸ್ಕತ್ತಿನ ಡಬ್ಬ ತಂದು ಸುರಿದರೆ ಸಾಕಿತ್ತು. ಬೆಂಚಿನಲ್ಲಿ ದೊಡ್ಡಣ್ಣ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ರೇಡಿಯೋ ಬಾಯಿ ಮುಚ್ಚಿದ.

"ಈ ಫಾರಂ ತುಂಬು. ಕಾರಣ ಅನ್ನೋ ಕಡೆ, ಸ್ವಂತ ಅಭ್ಯಾಸ, ಸಂಗೀತ ಅಂತ ಬರಿ. ಸಹಿ ಹಾಕು. ಬೇರೆ ಕೆಲಸ ಇದ್ರೆ ಕರೀತೀವಿ. ಹತ್ತು ನಿಮಿಷದಲ್ಲಿ ಬರ್ತೀನಿ."

ದೊಡ್ಡಣ್ಣನ ಹೆಸರು ಕೂಗಿದರು. ಅವನೆದ್ದು ಹೊರಬಾಗಿಲ ಕಡೆ ನೋಡಿದ. ಸನ್ನೆಗೆ ಬರಬೇಕಾದವನಿಗೆ ಊರಾಚೆಯ ಕ್ಲಿನಿಕ್ಕಿಗೆ ಕರೆ ಬಂದಿತ್ತಂತೆ. ಫೋನು ಹೇಳಿತ್ತು, ಹತ್ತು ಸೆಕೆಂಡಿನಲ್ಲಿ ಅವನು 'ಸರಿ' ಎಂದಿದ್ದ. ದೊಡ್ಡಣ್ಣ ಗೂಡಿನೊಳಗೆ ಹೋದ. ಖಾಲಿಯಾದ ಬೆಂಚಿನಲ್ಲಿ ರೇಡಿಯೋ ಫಾರಂ ಹಿಡಿದು ಕೂತ. ಬೇರೆ ಯಾರೂ ಇರಲಿಲ್ಲ.

ಕಾರಣ ಎಂಬುದರ ಮುಂದೆ ಒಂದು ಗೆರೆಯಷ್ಟೇ ಜಾಗವಿತ್ತು. ಅವನು ಬರೆದ: ಕೆಲಸ. ಪೆನ್ನು ಒತ್ತಿ, ಕಾಗದದ ಹಿಂದಕ್ಕೂ ಮೂಡುವಂತೆ ಬರೆದ. ಇದನ್ನು ಹರಿದು ಹಾಕಿ ಇನ್ನೊಂದು ಕೊಡುತ್ತಾರೆ. ಅದರಲ್ಲೂ ಇದನ್ನೇ ಬರೆಯಬೇಕು. ಇದು ನಿಜವೆಂದು ಹೇಳಲು ಈಗ ಸಾಕ್ಷಿಯಾಗಿ ಉಳಿದಿದ್ದವನು ತಾನೊಬ್ಬನೇ. ದೊಡ್ಡಣ್ಣನೂ ನಪಾಸಾದರೆ ಇಬ್ಬರಾಗುತ್ತಾರೆ. ಒಬ್ಬನದು ಚಟ ಎನ್ನಬಹುದು, ಎಂದೂ ಹಾಡು ಕೇಳದ ದೊಡ್ಡಣ್ಣನ ಕಿವಿಗೆ ಏನನ್ನುತ್ತಾರೆ? ರೇಡಿಯೋ ಏನೂ ಮಾಡಬೇಕಾಗಿರಲಿಲ್ಲ. ಕೈ ಕಟ್ಟಿ ಕೂತರೆ ಸಾಕಿತ್ತು.

ಹುಡುಗಿ ಎಡಗಿವಿ ಎಂದು ಬೆರಳು ತೋರಿಸಿದಳು. ದೊಡ್ಡಣ್ಣ ಗಾಜಿನೊಳಗಿಂದ ಅವನತ್ತ ನೋಡಿದ. ಬೇಡುವ ನೋಟವಲ್ಲ. ಬೈದರೂ ಸರಿ ಎಂಬಂತೆ ನೋಡುತ್ತಿದ್ದ.

ಹಸಿರು ದೀಪ ಹತ್ತಿತು, ಆರಿತು. ದೊಡ್ಡಣ್ಣನ ಹೆಬ್ಬೆರಳು ಅಲುಗಲಿಲ್ಲ.

ಮತ್ತೆ ಹತ್ತಿತು, ಆರಿತು. ಹುಡುಗಿ ಕಾಗದದ ಮೇಲೆ ಏನೋ ಗುರುತು ಹಾಕಿದಳು.

ರಸ್ತೆಯಲ್ಲಿ ಕುಸಿದ ಹೆಂಗಸು, ಡಯಾಲಿಸಿಸ್ ಮಿಷನ್ನಿನ ಪಕ್ಕದ ಹಾಸಿಗೆಯಲ್ಲಿರುವ ದೊಡ್ಡಣ್ಣನ ಮಗಳು. ಇಬ್ಬರಲ್ಲಿ ಒಬ್ಬಳನ್ನು ಆರಿಸು ಎಂದು ಯಾರೋ ಅವನ ಮುಂದೆ ಇಟ್ಟಿದ್ದರು. ಹಾಗೆ ಇಟ್ಟವರು ಮೇಲಿನ ಮಹಡಿಯಲ್ಲಿ, ದಪ್ಪ ಗಾಜಿನ ಕಿಟಕಿಗಳ ಹಿಂದೆ ಕೂತಿದ್ದರು.

ದೀಪ ಮೂರನೆಯ ಬಾರಿ ಹತ್ತಿತು. ರೇಡಿಯೋ ಫಾರಂ ಅನ್ನು ಪಕ್ಕಕ್ಕಿಟ್ಟು ಮಂಡಿ ಕೆರೆದುಕೊಂಡ.

ದೊಡ್ಡಣ್ಣನ ಹೆಬ್ಬೆರಳು ಒತ್ತಿತು. ಅವನ ಕಣ್ಣು ತುಂಬಿ ಬಂದಿತ್ತು. ಒರೆಸಿಕೊಂಡರೆ ಸನ್ನೆ ತಪ್ಪೀತೆಂದು ರೆಪ್ಪೆಯನ್ನೂ ಬಡಿಯದೆ ನೋಡುತ್ತಿದ್ದ. ರೇಡಿಯೋ ಮುಂದಿನ ದೀಪಕ್ಕಾಗಿ ಕಾದ.